ಡ್ರೈವರ್ ಪಕ್ಕದ ಜಾಗ

ನಾದಿನಿಯ ಕೋಟನ್ನು ಅವಳು ಮಡಚಿ ಐದನೆಯ ಬ್ಯಾಗಿನ ಮೇಲೆ ಇಡುತ್ತಿದ್ದಾಗ, ಪ್ರವಾಸದ ಗೈಡ್ ಪ್ಲಾಟ್‌ಫಾರ್ಮಿನಿಂದ ಕೂಗಿದಳು: “ಉಗಿ ಇಂಜಿನ್ ನೀರು ತುಂಬಿಸ್ಕೊಂಡು ಹೊರಡತ್ತೆ. ಇಲ್ಲಿಂದ ಕಡಲ ತೀರದವರೆಗೆ ಡ್ರೈವರ್ ಪಕ್ಕದಲ್ಲಿ ಒಬ್ರಿಗೆ ಜಾಗ ಇದೆ. ಯಾರು ಬರ್ತೀರಾ?”

ಅವಳು ಕೈ ಎತ್ತಿದಳು. ಗಂಡ ನಕ್ಕ. “ಹೊಗೆ ನಿಂಗೆ ಆಗಲ್ಲ ಕಣೇ. ಬ್ಯಾಗ್ ನೋಡ್ಕೊಂಡಿರು, ನಾವು ಇಳಿದು ಫೋಟೋ ತೆಗೆಸ್ಕೊಂಡು ಬರ್ತೀವಿ.”

“ಅತ್ತಿಗೆ ಇದ್ರೆ ಬೀಗಾನೇ ಬೇಡ ಬಿಡಣ್ಣ,” ಎನ್ನುತ್ತ ನಾದಿನಿಯೂ ಇಳಿದಳು.

ಮೂವತ್ತು ವರ್ಷ ಇವರಿಗಾಗಿ ಸೌದೆ ಒಲೆ ಊದಿದಾಗ ಆಗಿಬಂದ ಹೊಗೆ, ಇವತ್ತು ಆಗುವುದಿಲ್ಲವಂತೆ! ಅವಳು ಬ್ಯಾಗುಗಳನ್ನು ಇದ್ದಲ್ಲೇ ಬಿಟ್ಟಳು. ಮುಂದಿನ ಬಾಗಿಲಿನಿಂದ ಇಳಿದು, ಫೋಟೋಗೆ ಹಲ್ಲು ಕಿರಿಯುತ್ತಿದ್ದವರ ಬೆನ್ನ ಹಿಂದೆಯೇ ನಡೆದು, ಯಾರಿಗೂ ಹೇಳದೆ ಇಂಜಿನ್ನಿನ ಮೆಟ್ಟಿಲು ಹತ್ತಿದಳು.