ಹನ್ನೆರಡನೇ ಸೆಕೆಂಡು

ನಿನ್ನೆ ವಿಮಾನ ಲೊರ್ನಾಗೆ ಹನ್ನೆರಡನೇ ಸೆಕೆಂಡಿಗೇ ಕಂಡಿತ್ತು. ಆದರೂ ಕೂಗಲಿಲ್ಲ. ರಾತ್ರಿ ದಿನಚರಿಯಲ್ಲಿ ಅದನ್ನು ಬರೆದಳು, ಬರೆದ ಪುಟವನ್ನೇ ಮತ್ತೆ ಮತ್ತೆ ಓದಿದಳು. ಯಾರಿಗೂ ಹೇಳಲಿಲ್ಲ.

ಕಡಲಂಚಿನ ಗುಡ್ಡದಲ್ಲಿ ಕೂತು ಆಕಾಶ ನೋಡುವುದು ಅವಳ ಯುದ್ಧದ ಕೆಲಸ. ಜೊತೆಗೆ ಮೂವರು ನಾವಿಕರು. ಹೊಸ ಬಣ್ಣ ಬಳಿದ ನೌಕಾಪಡೆಯ ವಿಮಾನ ದೀಪಸ್ತಂಭ ದಾಟಿದೊಡನೆ ಗುಡ್ಡದ ಟೆಲಿಫೋನ್ ರಿಂಗಣಿಸುತ್ತದೆ, ಅಲ್ಲಿಂದ ಎಣಿಕೆ. ಮೊದಲು ಕಂಡವರು ಕೂಗಬೇಕು. ತಡವಾಗಿ ಕಂಡಷ್ಟೂ ಬಣ್ಣ ಒಳ್ಳೆಯದು, ಶತ್ರುವಿನ ಕಣ್ಣಿಗೂ ಬೇಗ ಬೀಳದು. ಸೋಮವಾರ ಲೊರ್ನಾ ಎಲ್ಲರಿಗಿಂತ ಮೊದಲು ಕೂಗಿದ್ದಳು. ಹತ್ತಿರ ಬಂದದ್ದು ವಿಮಾನವಲ್ಲ, ಒಂದು ಹೆಜ್ಜಾರ್ಲೆ ಹಕ್ಕಿ. ಅಂದಿನಿಂದ ಅವಳ ಹೆಸರೇ 'ಹೆಜ್ಜಾರ್ಲೆ ಮಿಸ್'. ಅದಕ್ಕೇ ನಿನ್ನೆ, ಬೇರೆ ಯಾರಾದರೂ ಕೂಗಲಿ ಎಂದು ಕಾದಳು. ನಾವಿಕರಿಗೆ ಕಂಡದ್ದು ಮೂವತ್ತೊಂದಕ್ಕೆ.

"ಮೂವತ್ತೊಂದು!" ಬೆಳಿಗ್ಗೆ ಚಹಾ ಹೊತ್ತಿನಲ್ಲಿ ಪೈಲಟ್ ನೆಡ್ ಕ್ವೇಲ್ ಹಿಗ್ಗಿದ್ದ. "ಅಷ್ಟು ಹೊತ್ತು ಸಿಕ್ರೆ ಜಪಾನಿನವರ ಹಡಗಿನ ತಲೆ ಮೇಲೇ ಹೋಗಿ ನೋಡ್ಕೊಂಡು ಬರ್ತೀನಿ. ಶುಕ್ರವಾರ ಉತ್ತರಕ್ಕೆ, ಯುದ್ಧಕ್ಕೆ ಹೊರಡ್ತೀನಿ ಮಿಸ್, ನಿಮ್ಮ ಕಣ್ಣು ನಂಬ್ಕೊಂಡು."

"ನನ್ನ ನೀಲಿ ನಂಬ್ಕೊಂಡು ಅನ್ನಪ್ಪಾ," ಎಂದ ಕ್ಲಾರಿ ನೂನನ್. ನ್ಯೂಕಾಸಲ್‌ನಲ್ಲಿ ಇಪ್ಪತ್ತು ವರ್ಷ ಮನೆಗಳಿಗೆ ಬಣ್ಣ ಹೊಡೆದ ಕೈ ಅವನದು. ಈಗ ವಿಮಾನಕ್ಕೆ ಬಳಿಯುವುದೂ ಅವನೇ, ಗುಡ್ಡದಲ್ಲಿ ಗಡಿಯಾರ ಹಿಡಿಯುವುದೂ ಅವನೇ. "ಮೇಲೂ ನೀಲಿ, ಕೆಳಗೂ ನೀಲಿ. ಆ ಎರಡು ಡಬ್ಬ ಬಿಳಿ ಸುಮ್ನೆ ಬಿದ್ದಿದೆ, ಸಂಜೆ ವಾಪಸ್ ಕಳಿಸ್ತೀನಿ."

ಲೊರ್ನಾ ಬಿಸ್ಕತ್ತನ್ನು ತಟ್ಟೆಗೇ ವಾಪಸ್ ಇಟ್ಟಳು. ಕಡಲಕ್ಕಿಯ ಹೊಟ್ಟೆ ಬಿಳಿ ಏಕೆ ಎಂದು ಪ್ರಾಣಿಶಾಸ್ತ್ರದ ಪರೀಕ್ಷೆಯಲ್ಲಿ ಅವಳು ಎರಡು ಪುಟ ಬರೆದಿದ್ದಳು: ಕೆಳಗಿನಿಂದ ನೋಡುವ ಮೀನಿಗೆ ಅದು ಬೆಳ್ಳನೆಯ ಆಕಾಶದಲ್ಲಿ ಬೆರೆತು ಕಾಣದಿರಲೆಂದು. ಬರೆಯುವುದಾದರೆ ಎಷ್ಟು ಪುಟವಾದರೂ ಸರಿ, ಬಾಯಿಬಿಟ್ಟು ಹೇಳುವುದೇ ಕಷ್ಟ.

ಮಧ್ಯಾಹ್ನ ಗುಡ್ಡದಲ್ಲಿ ಟೆಲಿಫೋನ್ ರಿಂಗಣಿಸಿತು. ಕ್ಲಾರಿ ಗಡಿಯಾರ ಒತ್ತಿದ. ಲೊರ್ನಾ ಉಸಿರು ಬಿಗಿಹಿಡಿದಳು. ಬೆಳ್ಳನೆಯ ಆಕಾಶದಲ್ಲಿ ಅದೋ, ಬಿಸಿಲೆಲ್ಲ ಬೆನ್ನಿಗೆ ಬಿದ್ದು ನೆರಳಾದ ವಿಮಾನದ ಹೊಟ್ಟೆ. ನೀಲಿ ಅಲ್ಲವೇ ಅಲ್ಲ, ಕಪ್ಪು.

"ಕಾಣಿಸ್ತು!"

"ಬಂತಪ್ಪಾ ಹೆಜ್ಜಾರ್ಲೆ!" ನಾವಿಕನೊಬ್ಬ ಕಿಸಕ್ಕನೆ ನಕ್ಕ. ಆ ನಗು ಮುಗಿಯುವ ಮೊದಲೇ ಎಂಜಿನ್ ಸದ್ದು ಕೇಳಿಸಿತು.

ಕ್ಲಾರಿ ಗಡಿಯಾರವನ್ನು ಕಣ್ಣ ಹತ್ತಿರ ತಂದ. "ಹನ್ನೆರಡು. ಛೆ, ಇವತ್ತು ಬೆಳಕು ಸರಿಯಿಲ್ಲ ಕಣಮ್ಮ. ಇದನ್ನ ಬಿಟ್ಟು ನಿನ್ನೆಯ ಮೂವತ್ತೊಂದನ್ನೇ ವರದಿಗೆ ಬರೆದು ಕಳಿಸೋಣ. ಆಯ್ತಾ?"

ಹೂಂ ಎಂದರೆ ಮುಗಿಯುತ್ತಿತ್ತು. ಅವರ ತಲೆಯ ಮೇಲೆ ಹಾದುಹೋಗುತ್ತ ನೆಡ್ ಖುಷಿಯಿಂದ ರೆಕ್ಕೆ ಓಲಾಡಿಸಿದ.

ಲೊರ್ನಾ ಎದ್ದು ನಿಂತಳು.

"ನಿನ್ನೆನೂ ಹನ್ನೆರಡೇ, ಕ್ಲಾರಿ. ನೀವೆಲ್ಲ ನಗ್ತೀರ ಅಂತ ನಾನು ಬಾಯಿ ಬಿಡಲಿಲ್ಲ. ಬಿಳಿ ಡಬ್ಬ ವಾಪಸ್ ಕಳಿಸ್ಬೇಡಿ."