ಮನೆಗೊಂದು ವೋಟು

ಅಭ್ಯರ್ಥಿಗಳಿಬ್ಬರೂ ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು, ಎಣಿಕೆ ಮುಗಿಯುವ ತನಕ ಹಿಂತಿರುಗಿ ನೋಡಬಾರದು ಎಂದು ಗೋಪಿನಾಥ್ ಮೂರನೆಯ ಸಲ ಹೇಳಿದಾಗ ಕಾತ್ಯಾಯಿನಿ ಗೋಡೆಗೆ ತಿರುಗಿ ನಿಂತಳು. ಪಾರ್ಕ್‌ಲ್ಯಾಂಡ್ಸಿನ ಆ ಶಾಲೆಯಲ್ಲಿ ಗೋಪಿನಾಥ್ ಇಪ್ಪತ್ತು ವರ್ಷದಿಂದ ಗುಮಾಸ್ತರು. ಆಡಳಿತ ಮಂಡಳಿಗೆ ಪೋಷಕರ ಪ್ರತಿನಿಧಿಯನ್ನು ಆರಿಸುವ ಪದ್ಧತಿ ಅವರಿಗೆ ಬಾಯಿಪಾಠ. ಚೀಟಿಯಿಲ್ಲ, ಡಬ್ಬಿಯಿಲ್ಲ. ತಮಗೆ ಬೇಕಾದವರ ಬೆನ್ನ ಹಿಂದೆ ಪೋಷಕರು ಸಾಲುಗಟ್ಟಿದರೆ ಮುಗಿಯಿತು. ಆಫ್ರಿಕದ ಈ ದೇಶದಲ್ಲಿ ಒಂದು ಕಾಲಕ್ಕೆ ದೊಡ್ಡ ಚುನಾವಣೆಯೂ ಹೀಗೆ ಸಾಲು ನಿಂತೇ ನಡೆದಿತ್ತಂತೆ. ಗೋಡೆಯ ಏರ್ಪಾಡು ಮಾತ್ರ ನಮ್ಮವರದು. ಮುಖ ಕಂಡರೆ ದಾಕ್ಷಿಣ್ಯ, ಬೆನ್ನಿಗೇನು ದಾಕ್ಷಿಣ್ಯ?

ಮನೆಗೊಂದೇ ವೋಟು. ಮಗುವಿನ ಪ್ರವೇಶದ ಫಾರ್ಮಿಗೆ ಸಹಿ ಹಾಕಿದವರಿಗೆ ಸೇರಿದ್ದು ಎಂದು ನಿಯಮ. ಅಂದರೆ ಅಪ್ಪಂದಿರದು ಎಂದು ಎಲ್ಲರೂ ತಿಳಿದುಕೊಂಡಿದ್ದರು, ಕಾತ್ಯಾಯಿನಿಯೂ ಕೂಡ. ಅವಳ ಪಕ್ಕದಲ್ಲಿ, ನಾಲ್ಕು ಮಾರು ಆಚೆ, ಗೋಡೆ ನೋಡುತ್ತ ನಿಂತವರು ಹಸ್ಮುಖಭಾಯಿ. ಮೊಮ್ಮಗ ಇದೇ ಶಾಲೆಯಲ್ಲಿ. ಮೂರು ಸಲ ಎದುರಾಳಿಯೇ ಇಲ್ಲದೆ ಗೆದ್ದವರು. ಅವಳ ಗಂಡ ಗಂಗಾಧರ ಕ್ವಾಲಿಟಿ ಮ್ಯಾನೇಜರ್ ಆಗಿರುವ ಮಾತ್ರೆ ಫ್ಯಾಕ್ಟರಿಯ ಮಾಲೀಕರೂ ಅವರೇ. ಗಂಡನ ಕೆಲಸ, ಇರುವ ಫ್ಲ್ಯಾಟು, ಬರುವ ತಿಂಗಳು ಮುಗಿಯಲಿರುವ ವರ್ಕ್ ಪರ್ಮಿಟ್ಟು, ಎಲ್ಲವೂ ಅವರ ಕೈಯಲ್ಲಿದ್ದವು.

ಅಂಥವರ ಎದುರು ನಿಲ್ಲುವ ಹುಚ್ಚು ಅವಳಿಗೆ ಹಿಡಿದದ್ದು ಟೀಚರ್ ಹೆಲನ್‌ಗಾಗಿ. ಎರಡನೇ ತರಗತಿಗೆ ಬಂದರೂ ಮಗ ಅಭಯ್‌ಗೆ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಹಿಂದಿನ ಪುಟ್ಟ ಕೋಣೆಯಲ್ಲಿ ಹೆಲನ್ ಅಂಥ ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು, ಒಂದಿಷ್ಟೂ ಸಿಡುಕದೆ, ಎಂಟು ತಿಂಗಳಲ್ಲಿ ಓದಿಸಿದ್ದಳು. ಈಗ ಆ ಕೋಣೆಗೆ ಕಂಪ್ಯೂಟರ್ ಬರಲಿತ್ತು. ಹೆಲನ್‌ಗೂ ಇನ್ನಿಬ್ಬರು ಟೀಚರ್‌ಗಳಿಗೂ ಈ ಟರ್ಮೇ ಕೊನೆ ಎಂದು ಮಂಡಳಿ ತೀರ್ಮಾನಿಸಿತ್ತು. ಕೇಳುವವರು ಒಬ್ಬರಾದರೂ ಒಳಗಿರಬೇಕಲ್ಲ ಎಂದು ಕಾತ್ಯಾಯಿನಿ ಹೆಸರು ಕೊಟ್ಟುಬಿಟ್ಟಳು. ಆಮೇಲೆ ಹದಿನೈದು ದಿನ ಅವಳಿಗೆ ಸರಿಯಾಗಿ ನಿದ್ದೆಯಿಲ್ಲ.

ಬೆಳಿಗ್ಗೆ ಉಪ್ಪಿಟ್ಟು ಬಡಿಸುವಾಗ ಅವಳೇ ಹೇಳಿದ್ದಳು: "ನೀವು ಹಸ್ಮುಖಭಾಯಿ ಹಿಂದೇನೇ ನಿಂತ್ಕೊಳ್ಳಿ. ಪರ್ಮಿಟ್ ರಿನ್ಯೂ ಆಗ್ಬೇಕು. ನಂಗೇನೂ ಬೇಜಾರಿಲ್ಲ." ನಿಜಕ್ಕೂ ಬೇಜಾರಿಲ್ಲವೆಂದೇ ಅಂದುಕೊಂಡಿದ್ದಳು. ಛೆ, ಅದೆಲ್ಲಾದ್ರೂ ಉಂಟಾ ಎಂದು ಗಂಡ ಬಾಯಿಮಾತಿಗಾದರೂ ಅಂದಾನೆಂದು ಕಾದಳು. ಗಂಗಾಧರ ಇನ್ನೊಂದು ಸೌಟು ಹಾಕಿಸಿಕೊಂಡ.

ಗೋಪಿನಾಥ್ ಸೀಟಿ ಊದಿದರು. ಕುರ್ಚಿಗಳು ಸರಿದವು, ಹೆಜ್ಜೆಗಳು ಹತ್ತಿರ ಬಂದವು, ದೂರ ಹೋದವು. ಗೋಡೆಯ ಮೇಲೆ ಮಗ್ಗಿಯ ಚಾರ್ಟಿತ್ತು. ಕಾತ್ಯಾಯಿನಿ ಏಳರ ಮಗ್ಗಿಯನ್ನು ಓದಿದಳು, ತಲೆಗೆ ಹತ್ತದೆ ಮತ್ತೆ ಓದಿದಳು. ಆಗ ಕೇಳಿಸಿತು ಆ ಬೂಟಿನ ಸದ್ದು. ಎಡಗಾಲಿನದು ಹೆಜ್ಜೆಗೊಮ್ಮೆ ಕಿರ್ ಎನ್ನುತ್ತಿತ್ತು. ರಿಪೇರಿಗೆ ಕೊಡಿ ಎಂದು ಮೂರು ವಾರದಿಂದ ಅವಳು ಗಂಡನ ಬೆನ್ನು ಹತ್ತಿದ್ದಳು. ಸದ್ದು ನೇರ ಅವಳ ಕಡೆಗೇ ಬಂತು. ನಡುವೆ ನಿಂತಿತು. ಮತ್ತೆ ಹೊರಟ ಸದ್ದು ಹಸ್ಮುಖಭಾಯಿಯ ಕಡೆಗೆ ಸರಿದು ಅಲ್ಲಿ ಸುಮ್ಮನಾಯಿತು. ಹೋಗಿ ಎಂದವಳು ತಾನೇ. ಆದರೂ ಇಡೀ ಸಭೆಯ ಎದುರು ಕೆನ್ನೆಗೆ ಹೊಡೆಸಿಕೊಂಡಷ್ಟು ಅವಮಾನವಾಯಿತು.

ಹಸ್ಮುಖಭಾಯಿಗೆ ಮೂವತ್ತೆರಡು, ಕಾತ್ಯಾಯಿನಿಗೆ ಮೂವತ್ತೊಂದು. ಬಾಗಿಲ ಬಳಿ ನಿಂತಿದ್ದ ಟೀಚರ್‌ಗಳು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಒಂದೇ ವೋಟಿನ ಅಂತರ, ನಾಳೆ ಯಾರೂ ಬೆರಳು ತೋರಿಸಬಾರದು, ಫಾರ್ಮುಗಳನ್ನು ತಾಳೆ ನೋಡಿ ಎಂದು ಗೋಡೆ ನೋಡುತ್ತಲೇ ಹೇಳಿದವರು ಹಸ್ಮುಖಭಾಯಿಯೇ. ವ್ಯವಹಾರದಲ್ಲಿ ಅವರು ಹಾಗೆ, ಕಟ್ಟುನಿಟ್ಟು. ಗೋಪಿನಾಥ್ ಫೈಲು ತಂದು ಒಂದೊಂದೇ ಹೆಸರು ಕೂಗಿ ಗುರುತು ಹಾಕುತ್ತ ಹೋದರು. ಅಭಯ್‌ನ ಫಾರ್ಮು ಬಂದಾಗ ಕೂಗುವುದನ್ನು ನಿಲ್ಲಿಸಿದರು.

"ಕಾತ್ಯಾಯಿನಿಯವರೇ, ಇದಕ್ಕೆ ಸಹಿ ಹಾಕಿದ್ದು ನೀವಲ್ವಾ?"

ಆಗ ಅವಳಿಗೆ ನೆನಪಾಯಿತು. ಈ ಊರಿಗೆ ಬಂದ ಹೊಸತು. ಫ್ಯಾಕ್ಟರಿಯಲ್ಲಿ ಆಡಿಟ್ ಎಂದು ಗಂಡ ಬರಲಿಲ್ಲ. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಇಲ್ಲಿಯವರು ಮಟಾಟು ಎನ್ನುವ ಬಾಡಿಗೆ ವ್ಯಾನು ಹತ್ತಿ ಬಂದು, ತಾನೇ ಫಾರ್ಮು ತುಂಬಿ ಸಹಿ ಹಾಕಿದ್ದಳು. ಹೌದು ಎಂದಳು.

"ಹಾಗಾದ್ರೆ ಗಂಗಾಧರ್, ನೀವು ಸಾಲಿನಿಂದ ಈಚೆ ಬನ್ನಿ. ವೋಟು ನಿಮ್ದಲ್ಲ. ಅಮ್ಮಾ, ನೀವೆಲ್ಲಿ ನಿಲ್ತೀರಿ?"

"ಇಲ್ಲೇ ನಿಂತಿದೀನಲ್ಲ," ಎಂದಳು ಕಾತ್ಯಾಯಿನಿ.

ಈಗ ಹಸ್ಮುಖಭಾಯಿಗೆ ಮೂವತ್ತೊಂದು, ಅವಳಿಗೆ ಮೂವತ್ತೆರಡು. ಅವಳು ತಿರುಗಿದಾಗ ಎರಡು ಸಾಲುಗಳ ನಡುವಿನ ಖಾಲಿ ಜಾಗದಲ್ಲಿ ಗಂಗಾಧರ ಒಬ್ಬನೇ ನಿಂತಿದ್ದ. ಎರಡೂ ಕಡೆಯವರು ಅವನನ್ನೇ ನೋಡುತ್ತಿದ್ದರು. ಹೆಲನ್ ಓಡಿ ಬಂದು ಅವಳ ಎರಡೂ ಕೈ ಹಿಡಿದು ಅಸಾಂಟೆ, ಅಸಾಂಟೆ ಎಂದು ತನ್ನ ಭಾಷೆಯಲ್ಲೇ ಧನ್ಯವಾದ ಹೇಳಿದಳು. ಹಸ್ಮುಖಭಾಯಿ ಬಂದು ಕೈ ಮುಗಿದು ಅಭಿನಂದಿಸಿದರು. ಹೋಗುವಾಗ ಗಂಗಾಧರನ ಹೆಗಲ ಮೇಲೆ ಕೈಯಿಟ್ಟು, ಕಾತ್ಯಾಯಿನಿಗೂ ಕೇಳಿಸುವಂತೆ, ಹಿಂದಿಯಲ್ಲಿ ಒಂದೇ ಮಾತು ಹೇಳಿದರು.

"ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಹೆಂಡತಿಯ ಸಾಲಿನಲ್ಲಿ ನಿಲ್ಲುತ್ತಿದ್ದೆ."

ಕಾತ್ಯಾಯಿನಿ ಹೊರಗೆ ಆಡುತ್ತಿದ್ದ ಅಭಯ್‌ನ ಕೈ ಹಿಡಿದು ಕಾರಿನತ್ತ ನಡೆದಳು. ಅಂಗಳದ ಜಲ್ಲಿಯ ಮೇಲೆ ಎಡಗಾಲಿನ ಬೂಟು ಕಿರ್ ಎನ್ನುತ್ತ ಅವಳ ಹಿಂದೆಯೇ ಬಂತು. ಈಗ ಹಿಂತಿರುಗಿ ನೋಡಬಾರದೆಂಬ ನಿಯಮವೇನೂ ಇರಲಿಲ್ಲ. ಅವಳು ನೋಡಲಿಲ್ಲ.