ಒತ್ತಬಾರದ ಜಾಹೀರಾತು

ಗಂಡನ ಮೊಬೈಲಿನಲ್ಲಿ ತನ್ನದೇ ಜಾಲತಾಣದ ಪುಟ ತೆರೆದವಳು, ಸರಿಸುತ್ತಿದ್ದ ಬೆರಳನ್ನು ಅಲ್ಲೇ ನಿಲ್ಲಿಸಿದಳು. ‘ಮೆಟ್ಟಿಲು ಹತ್ತುವಾಗ ಮಂಡಿನೋವೇ?’ ಎಂಬ ಲೇಖನದ ನಡುವೆ, ಮಂಡಿಪಟ್ಟಿಯ ಜಾಹೀರಾತು ಬರಬೇಕಾದ ಜಾಗದಲ್ಲಿ, ಒಬ್ಬ ಸುಂದರಿ ಉದ್ದ ಕೂದಲನ್ನು ಹೆಗಲ ಮೇಲೆ ಹರಡಿಕೊಂಡು ನಗುತ್ತಿದ್ದಳು. ‘ಅವಳ ಮುಖದಲ್ಲಿ ನಗು ತನ್ನಿ’ ಎಂದು ಕೆಳಗೆ ಬರೆದಿತ್ತು.

ಮಂಡಿನೋವಿಗೆಂದೇ ಒಂದು ಜಾಲತಾಣ ನಡೆಸುವುದು ಅವಳ ಕಸುಬು. ನೋವಿರುವವರು ಹುಡುಕಿಕೊಂಡು ಬರುತ್ತಾರೆ, ಓದುತ್ತಾರೆ, ನಡುನಡುವೆ ಜಾಹೀರಾತು ನೋಡುತ್ತಾರೆ. ಅದರಿಂದ ಬರುವ ದುಡ್ಡಿನಲ್ಲಿ ಮನೆಬಾಡಿಗೆ ಸಾಗುತ್ತಿತ್ತು. ಹೊಸ ಲೇಖನ ಹಾಕಿದಾಗಲೆಲ್ಲ, ಚಿಕ್ಕ ಪರದೆಯಲ್ಲಿ ಹೇಗೆ ಕಾಣುತ್ತದೆಂದು ಗಂಡನ ಮೊಬೈಲಿನಲ್ಲಿ ಒಮ್ಮೆ ನೋಡುವುದು ರೂಢಿ. ಜಾಹೀರಾತಿನ ಗುಟ್ಟೂ ಅವಳಿಗೆ ಚೆನ್ನಾಗಿ ಗೊತ್ತು. ಅದು ಪುಟಕ್ಕಿಂತ ಹೆಚ್ಚಾಗಿ ಓದುವವರನ್ನು ನೋಡಿ ಬರುತ್ತದೆ. ಯಾರು ಯಾವ ಅಂಗಡಿಯಲ್ಲಿ ಇಣುಕಿದ್ದಾರೋ ಆ ಅಂಗಡಿ ಅವರ ಬೆನ್ನು ಬಿಡುವುದಿಲ್ಲ.

ಅಂದರೆ ಗಂಡ ಎಲ್ಲೋ ಇಣುಕಿದ್ದ.

ಮರುದಿನ ಹೆಂಗಸರ ರೇಷ್ಮೆ ಸ್ಕಾರ್ಫ್ ಬಂತು. ಆಮೇಲೆ ಮೆತ್ತನೆಯ ಹತ್ತಿಯ ನೈಟಿ. ಆಮೇಲೆ ಸಮುದ್ರಕ್ಕೆ ಮುಖ ಮಾಡಿದ, ಇಬ್ಬರಿಗಷ್ಟೇ ಎಂಬ ಒಂದು ಪುಟ್ಟ ಮನೆ. ನಡುವೆ ಆ ಕೂದಲಿನ ಸುಂದರಿಯಂತೂ ದಿನವೂ ತಪ್ಪದೆ ಹಾಜರಾಗುತ್ತಿದ್ದಳು.

ಒತ್ತಿದ್ದರೆ ಏನು ಎತ್ತ ತಿಳಿಯುತ್ತಿತ್ತು. ಆದರೆ ಸ್ವಂತ ತಾಣದ ಜಾಹೀರಾತನ್ನು ತಾನು ಒತ್ತುವಂತಿಲ್ಲ, ಮನೆಯವರೂ ಒತ್ತುವಂತಿಲ್ಲ. ಒತ್ತಿದರೆ ದುಡ್ಡಿಗಾಗಿ ಮಾಡಿದ ಮೋಸವೆಂದು ಜಾಹೀರಾತು ಕಂಪನಿಯವರು ಅವಳ ಖಾತೆ ಮುಚ್ಚಿಬಿಡುತ್ತಾರೆ. ವರ್ಷಗಟ್ಟಲೆ ಆ ಭಯದಲ್ಲೇ ದುಡಿದವಳ ಬೆರಳು ಹತ್ತಿರ ಹೋಗಿ ತಾನಾಗಿ ಹಿಂದೆ ಸರಿಯುತ್ತಿತ್ತು. ಬೇರೆ ದಾರಿಯಿಂದ ಹುಡುಕಬಹುದಿತ್ತು, ಧೈರ್ಯ ಬರಲಿಲ್ಲ. ನಿಜ ಹೇಳಬೇಕೆಂದರೆ, ಅಂಥದೊಂದು ನಿಯಮ ಇದ್ದದ್ದೇ ಅವಳಿಗೆ ಒಳ್ಳೆಯದಾಗಿತ್ತು.

ಅಕ್ಕನಿಗೆ ಫೋನ್ ಮಾಡಿ ಅನುಮಾನ ಹೇಳಿಕೊಂಡಳು.

“ಮನೇಲಿ ಹೇಗಿರ್ತಾನೆ?” ಅಕ್ಕ ಕೇಳಿದಳು.

“ತುಂಬಾ ಚೆನ್ನಾಗಿರ್ತಾರೆ. ಪಾತ್ರೆ ತೊಳೀತಾರೆ. ನೀರಿನ ಬಕೆಟ್ ಎತ್ತೋಕೂ ಬಿಡಲ್ಲ, ಕೈಯಿಂದ ಕಿತ್ಕೋತಾರೆ.”

“ಅಯ್ಯೋ, ಹಾಗಿದ್ರೆ ಮುಗೀತು ಕಣೆ! ನಿಮ್ಮ ಭಾವನ್ನ ನೋಡು, ಕುಡಿದ ಲೋಟ ಎತ್ತಿಡಲ್ಲ. ಅವರ ಮೇಲೆ ನಂಗೆ ಒಂದು ಚೂರೂ ಅನುಮಾನ ಇಲ್ಲ.”

ಅವಳಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು.

ಫೋನಿಟ್ಟು ಕನ್ನಡಿಯ ಮುಂದೆ ನಿಂತಳು. ಆ ಸುಂದರಿಯೆಲ್ಲಿ, ತಾನೆಲ್ಲಿ? ಮುಖ ಬಿಳಿಚಿಕೊಂಡಿದೆ. ಮೇಜಿನ ತುದಿ ಎಲ್ಲಿ ತಾಗಿತೋ, ಮೊಣಕೈ ನೀಲಿಗಟ್ಟಿದೆ. ಇಡೀ ದಿನ ಕುರ್ಚಿಯಲ್ಲಿ ಕೂತು ಊರವರ ಮಂಡಿಯ ಚಿಂತೆ ಮಾಡುವವಳಿಗೆ ಸಂಜೆಯ ಹೊತ್ತಿಗೆ ಮಾತಾಡಲೂ ಸುಸ್ತು. ಇಂಥವಳನ್ನು ಯಾವ ಗಂಡಸು ನೋಡುತ್ತಾನೆ ಎಂದು ಅವಳೇ ಗಂಡನ ಪರ ವಕಾಲತ್ತು ವಹಿಸಿದಳು.

ಯಾವಾಗಿನಿಂದ ಹೀಗೆ ಎಂದು ಲೆಕ್ಕ ಹಾಕಿದಾಗ ಲ್ಯಾಬು ನೆನಪಾಯಿತು. ಗಂಡನ ಕಚೇರಿಯವರು ವರ್ಷಕ್ಕೊಮ್ಮೆ ನೌಕರರಿಗೂ ಅವರ ಮನೆಯವರಿಗೂ ತಪಾಸಣೆ ಮಾಡಿಸುತ್ತಾರೆ. ಇಬ್ಬರೂ ರಕ್ತ ಕೊಟ್ಟು ಬಂದಿದ್ದರು. ಸೀಸೆ ಒಡೆದುಹೋಯಿತಂತೆ ಎಂದು ಅವನು ಅವಳನ್ನು ಮತ್ತೆ ಕರೆದುಕೊಂಡು ಹೋಗಿದ್ದ. ಆ ದಿನ ಬಿಳಿ ಕೋಟಿನ ಹೆಂಗಸೊಬ್ಬಳು ಅವನೊಬ್ಬನನ್ನೇ ಒಳಗೆ ಕರೆದಳು. ಗಾಜಿನ ಬಾಗಿಲಾಚೆ ಅವಳು ಅವನ ಭುಜದ ಮೇಲೆ ಕೈಯಿಟ್ಟದ್ದು ಬೆಂಚಿನ ಮೇಲಿದ್ದ ಇವಳಿಗೆ ಕಂಡಿತ್ತು. ಹೊರಬಂದವನ ಮುಖ ಕೆಂಪಾಗಿತ್ತು.

“ಏನಂತೆ ರೀ?”

“ಏನಿಲ್ಲ. ಎಲ್ಲಾ ಸರಿಯಿದೆಯಂತೆ.”

ಅಂದಿನಿಂದ ಫೋನ್ ಬಂದರೆ ಅವನು ಬಾಲ್ಕನಿಗೆ ಹೋಗುತ್ತಿದ್ದ. ಶುಕ್ರವಾರ ಒಣಗಿದ ಬಟ್ಟೆ ತರುವ ನೆಪದಲ್ಲಿ ಇವಳು ಬಾಗಿಲ ಹಿಂದೆ ನಿಂತಳು.

“ಅವಳಿಗಿನ್ನೂ ಹೇಳಿಲ್ಲ,” ಎನ್ನುತ್ತಿದ್ದ. “ಭಾನುವಾರದವರೆಗೆ ಟೈಮ್ ಕೊಡಿ. ನಾನೇ ಹೇಳ್ತೀನಿ. ಎದುರಿಗೆ ಕೂತ್ರೆ ಬಾಯೇ ಬರಲ್ಲ.”

ಬಟ್ಟೆ ತರದೆ ಒಳಗೆ ಬಂದುಬಿಟ್ಟಳು. ಮಕ್ಕಳಿಲ್ಲದ ಮನೆ. ಇರುವವನು ಅವನೊಬ್ಬ. ಅವನ ಚಪ್ಪಲಿ, ಅವನ ಕೆಮ್ಮು, ಬೆಳಿಗ್ಗೆ ಅವನು ಹಾಡುವ ಅಪಸ್ವರ, ಇವಿಲ್ಲದ ಮನೆಯನ್ನು ಕಲ್ಪಿಸಿಕೊಳ್ಳಲು ಹೋಗಿ ಸೋತಳು. ಅವನನ್ನು ಕಳೆದುಕೊಳ್ಳುವುದಕ್ಕಿಂತ ಸಾವೇ ವಾಸಿ ಅನ್ನಿಸಿತು.

ಭಾನುವಾರ ಮಧ್ಯಾಹ್ನ ಅವನು ಬಾಯಿ ತೆರೆಯುವ ಮೊದಲೇ ಇವಳು ಅವನ ಮೊಬೈಲನ್ನು ಊಟದ ಮೇಜಿನ ಮೇಲಿಟ್ಟಳು. ಮಂಡಿನೋವಿನ ಪುಟ ತೆರೆದಿತ್ತು. ಸುಂದರಿ ನಗುತ್ತಿದ್ದಳು.

“ಒತ್ತಿ.”

ಅವನು ಬೆಚ್ಚಿದ. “ನಿನ್ನ ಖಾತೆ ಹೋಗುತ್ತಲ್ಲೇ.”

“ಹೋದ್ರೆ ಹೋಗ್ಲಿ. ಅವಳಿಗೋಸ್ಕರ ಏನೇನು ನೋಡ್ತಿದ್ದೀರೋ, ನಾನೂ ನೋಡ್ಬೇಕು.”

“ಬೇಡ. ಕಷ್ಟಪಟ್ಟು ಕಟ್ಟಿದ್ದೀಯ.” ಅವನು ಮೊಬೈಲನ್ನು ಬೋರಲು ಹಾಕಿದ. “ನಾನೇ ಹೇಳ್ತೀನಿ. ಇವತ್ತು ಹೇಳ್ಬೇಕು ಅಂತಾನೇ ಇದ್ದೆ.”

“ಗೊತ್ತು. ಆ ಬಿಳಿ ಕೋಟಿನವಳಿಗೆ ಮಾತು ಕೊಟ್ಟಿದ್ದೀರಲ್ಲ.”

“ಹೂಂ.”

ಅವಳು ಎದುರಿನ ಕುರ್ಚಿ ಎಳೆದುಕೊಂಡು ಕೂತಳು. “ಹೇಳಿ,” ಎಂದಳು. “ನಾನು ಅಳಲ್ಲ.”

ಅತ್ತದ್ದು ಅವನು. ಅವಳ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

“ಆ ಅಂಗಡಿಯವರು ಮಾರೋದು ತಲೆಗೆ ಹಾಕ್ಕೊಳ್ಳೋ ಕೂದಲು ಕಣೆ. ಮುಂದಿನ ವಾರ ನಿನಗೆ ಚಿಕಿತ್ಸೆ ಶುರುವಾದ್ರೆ, ಇದೆಲ್ಲ ಉದುರಿಹೋಗುತ್ತಂತೆ.”